ಬಾವಿಗೂ ಗುಂಡಿಗೂ ನಡುವಿನ ಮಣ್ಣು

ಮದುವೆಯಾದ ವರ್ಷವೇ ನಾನು ಗದಗದ ಕಡೆಯಿಂದ ಬೆಂಗಳೂರಿಗೆ ಬಂದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಮನೆಯವರಿಗೆ ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ. ಆ ಸುತ್ತಮುತ್ತ ನಮ್ಮ ಕೈಗೆಟುಕುವ ಮನೆ ಸಿಗದೆ, ಕೊಡಿಗೇಹಳ್ಳಿಯಿಂದ ಇನ್ನೂ ಆಚೆ, ಕೆರೆಯ ದಂಡೆಗೆ ಅಂಟಿಕೊಂಡಿದ್ದ ಒಂದು ಹಳ್ಳಿಯಲ್ಲಿ ಬಾಡಿಗೆಗೆ ಸೇರಿದೆವು. ಅವರು ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದರು.

ಮನೆಯ ಯಜಮಾನರು ಅದೇ ಊರಿನ ಹಳೆಯ ಒಕ್ಕಲು ಮನೆತನದವರು. ದ್ರಾಕ್ಷಿ ತೋಟದ ಅರ್ಧ ಭಾಗವನ್ನು ಕಿತ್ತು, ಅಲ್ಲಿ ನಮ್ಮಂಥ ಕಾರ್ಖಾನೆಯವರಿಗೆಂದೇ ಸಾಲಾಗಿ ಚಿಕ್ಕ ಚಿಕ್ಕ ಮನೆಗಳನ್ನು ಕಟ್ಟಿಸಿದ್ದರು. ಚಪ್ಪರಕ್ಕೆ ನಿಲ್ಲಿಸಿದ್ದ ಕಲ್ಲುಕಂಬಗಳು ಅಂಗಳದ ತುಂಬ ಬಿದ್ದಿದ್ದವು. ನಾವು ಅವುಗಳ ಮೇಲೆಯೇ ಬಟ್ಟೆ ಒಗೆಯುತ್ತಿದ್ದೆವು, ಸಂಜೆ ಕೂತು ಮಾತಾಡುತ್ತಿದ್ದೆವು. ಯಜಮಾನರ ಹೆಂಡತಿಯನ್ನು ಬಾಡಿಗೆಯವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಅವರಿಗೆ ಒಬ್ಬನೇ ಮಗ. ಕೆರೆಯ ಕೆಳಗೆ ಸೊಪ್ಪು ಬೆಳೆದು ಯಶವಂತಪುರದ ಮಾರುಕಟ್ಟೆಗೆ ಹಾಕುತ್ತಿದ್ದ, ಮಾತು ಕಡಿಮೆ. ಅವನ ಹೆಂಡತಿ ನನಗಿಂತ ಒಂದೆರಡು ವರ್ಷ ಚಿಕ್ಕವಳು, ಆಗಲೇ ಒಂದು ಹೆಣ್ಣುಮಗುವಿನ ತಾಯಿ. ಹೊಸ ಊರಿನಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಅವಳು.

ಅಂಗಳದ ಹಿಂದೆ ಕಲ್ಲು ಕಟ್ಟಿದ ಬಾವಿಯಿತ್ತು. ಯಜಮಾನರ ಅಪ್ಪ ತೋಡಿಸಿದ್ದಂತೆ. ಎಲ್ಲ ಮನೆಗಳಿಗೂ ಅದೇ ನೀರು. ಕಕ್ಕಸು ಮಾತ್ರ ಯಾವ ಮನೆಗೂ ಇರಲಿಲ್ಲ. ಇದೇನೂ ನನಗೆ ಹೊಸದಲ್ಲ, ನಮ್ಮೂರಲ್ಲೂ ಬಯಲಿಗೇ ಹೋಗುತ್ತಿದ್ದೆವು. ಆದರೆ ಅಲ್ಲಿ ಹೆಂಗಸರ ಕಡೆಗೆ ಮುಳ್ಳುಬೇಲಿಯ ಮರೆಯಿತ್ತು, ಗಂಡಸರು ಆ ದಿಕ್ಕಿಗೆ ತಲೆ ಹಾಕುತ್ತಿರಲಿಲ್ಲ. ಇಲ್ಲಿ ಕೆರೆಯ ಏರಿಯ ಇಳಿಜಾರೇ ಗತಿ. ಏರಿಯ ಮೇಲೆಯೇ ರಸ್ತೆ. ಕೆರೆಯ ಮಣ್ಣಿನಿಂದ ಇಟ್ಟಿಗೆ ಸುಡುವ ಗೂಡುಗಳು ಆಚೆ ದಡದಲ್ಲಿದ್ದವು, ಬೆಳಗಾಗುವ ಮೊದಲೇ ಅವುಗಳ ಲಾರಿಗಳು ಓಡಾಡಲು ಶುರು ಮಾಡುತ್ತಿದ್ದವು.

ಬೆಳಕು ಹರಿಯುವ ಮುಂಚೆ ಯಜಮಾನರ ಸೊಸೆ ಬಂದು ನನ್ನ ಬಾಗಿಲು ಮೆಲ್ಲಗೆ ತಟ್ಟುತ್ತಿದ್ದಳು. "ಅಕ್ಕಾ, ಬತ್ತೀರಾ?" ಚೊಂಬು ಹಿಡಿದು ಇಬ್ಬರೂ ಹೊರಡುತ್ತಿದ್ದೆವು. ಲಾರಿಯ ದೀಪ ಕಂಡಾಗಲೆಲ್ಲ ಎದ್ದು ನಿಲ್ಲಬೇಕು, ಅದು ದಾಟಿದ ಮೇಲೆ ಮತ್ತೆ ಕೂರಬೇಕು. ಒಂದು ದಿನ ಒಂದು ಲಾರಿ ದಾಟಲೇ ಇಲ್ಲ. ನಮ್ಮ ಮೇಲೆ ದೀಪ ಬಿಟ್ಟು ಅಲ್ಲೇ ನಿಂತಿತು. ಒಳಗಿನವರು ಏನೋ ಹೇಳಿಕೊಂಡು ನಕ್ಕರು. ನಾವು ಸೆರಗಿನಿಂದ ಮುಖ ಮುಚ್ಚಿಕೊಂಡು, ಅದು ಹೋಗುವವರೆಗೂ ಕಂಬದ ಹಾಗೆ ನಿಂತಿದ್ದೆವು.

ಅಂದಿನಿಂದ ಅವಳು ಹಗಲು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಕಡೆಗೆ ಅತ್ತೆಯ ಬಳಿ ಬಾಯಿಬಿಟ್ಟು ಕೇಳಿದಳು, ಮನೆಗೊಂದು ಕಕ್ಕಸು ಕಟ್ಟಿಸಿ ಎಂದು. ನಾನು ಅಲ್ಲೇ ಅಕ್ಕಿ ಆರಿಸುತ್ತಾ ಕೂತಿದ್ದೆ.

"ನಾನು ಈ ಮನೆಗೆ ಬಂದಾಗಿಂದ ಓಗ್ತಾ ಇಲ್ವಾ?" ಅಂದರು ದೊಡ್ಡಮ್ಮ. "ನಿಂಗೊಬ್ಳಿಗೆ ಏನು ಒಸ್ದಾಗಿ ಬಂದಿರೋದು? ಉಣ್ಣೋ ಮನೆ ಪಕ್ಕದಾಗೆ ಅದನ್ನ ಇಟ್ಕಂತಾರಾ ಯಾರಾದ್ರೂ?"

ಅವಳು ಅವತ್ತಿನಿಂದಲೇ ಊಟ ಬಿಟ್ಟಳು. ಮೊದಲ ದಿನ ಯಾರೂ ಗಮನಿಸಲಿಲ್ಲ. ಎರಡನೆಯ ದಿನ ಗಂಡನಿಗೆ ಗೊತ್ತಾಗಿ, ಅವನು ಅಪ್ಪನಿಗೆ ಹೇಳಿದ. ಯಜಮಾನರು ಕೆಟ್ಟ ಮನುಷ್ಯರಲ್ಲ, ಸೊಸೆ ಎಂದರೆ ಅವರಿಗೆ ಪ್ರೀತಿಯೇ. ಹೇಗೂ ಬಾಡಿಗೆಯವರೂ ಕೇಳುತ್ತಿದ್ದಾರೆ ಎಂದು ಒಪ್ಪಿದರು. ಆದರೆ ಊರಿನಲ್ಲಿ ಅದೊಂದು ತಮಾಷೆಯಾಯಿತು. ಒಡವೆಗಾಗಿ, ಸೀರೆಗಾಗಿ ಊಟ ಬಿಟ್ಟವರನ್ನು ನೋಡಿದ್ದೇವೆ, ಇವಳು ಕಕ್ಕಸಿಗಾಗಿ ಬಿಟ್ಟಳು ಎಂದು ಹೆಂಗಸರೇ ಆಡಿಕೊಂಡರು.

ಗುಂಡಿ ಎಲ್ಲಿ ತೋಡಬೇಕೆಂದು ಮೇಸ್ತ್ರಿ ಕೇಳಿದಾಗ ಯಜಮಾನರು ಬಾವಿಯ ಹಿಂದೆ ಹೋಗಿ ಹಿಮ್ಮಡಿಯಿಂದ ನೆಲದ ಮೇಲೆ ಗುರುತು ಹಾಕಿದರು. ಅಲ್ಲಿ ಮಣ್ಣು ಮೆದು, ಉಳಿದ ಕಡೆ ಬಂಡೆ. ಅವತ್ತು ನಮ್ಮ ಮನೆಯವರಿಗೆ ರಜೆ. ಅವರು ನೋಡಿ, "ಬಾವೀಗೆ ಭಾಳ ಸಮೀಪ ಆತಲ್ರೀ" ಅಂದರು.

"ಬಾವಿ ಪಾಡಿಗೆ ಬಾವಿ, ಗುಂಡಿ ಪಾಡಿಗೆ ಗುಂಡಿ," ಅಂದರು ಯಜಮಾನರು. "ಮಧ್ಯೆ ಅಷ್ಟು ಮಣ್ಣೈತಲ್ಲ ಸ್ವಾಮಿ. ಎಂಥದ್ನೂ ಮಣ್ಣು ಸೋಸ್ತದೆ."

ಅದೂ ನಿಜವೇ ಇರಬೇಕು ಅನ್ನಿಸಿ ಇವರು ಸುಮ್ಮನಾದರು. ಕೆಳಗೆ ತಳವಿಲ್ಲದೆ, ಸುತ್ತ ಒರಟು ಕಲ್ಲು ಪೇರಿಸಿ, ಮೇಲೆ ದ್ರಾಕ್ಷಿ ಚಪ್ಪರದ ಕಲ್ಲುಗಳನ್ನೇ ಹಾಸಿ ಗುಂಡಿ ಮುಚ್ಚಿದರು. ಅಂಗಳದ ಎಲ್ಲರಿಗೂ ಸೇರಿ ಎರಡು ಕಕ್ಕಸು. ತಗಡಿನ ಬಾಗಿಲು, ಒಳಗೆ ಚಿಲಕ.

ಅವಳ ಸಂಭ್ರಮ ಹೇಳತೀರದು. ದಿನಾ ಬೂದಿ ಹಾಕಿ ತೆಂಗಿನ ಪೊರಕೆಯಲ್ಲಿ ತಿಕ್ಕುತ್ತಿದ್ದಳು. ಒಮ್ಮೆ ಕಲ್ಲುಕಂಬದ ಮೇಲೆ ಕೂತು ನನ್ನೊಡನೆ ಸೊಪ್ಪು ಬಿಡಿಸುತ್ತಾ, ಯಾರಿಗೂ ಕೇಳಿಸದ ಹಾಗೆ ಹೇಳಿದಳು: "ಚಿಲಕ ಆಕ್ಕಂಡು ಕೂತ್ರೆ ಯಾರೂ ಕರೆಯಕ್ಕಾಗಲ್ಲ ಅಕ್ಕ. ಅತ್ತೆನೂ ಇಲ್ಲ, ಮಗಿನೂ ಇಲ್ಲ. ಅಷ್ಟೊತ್ತು ನಾನೇ ನಾನು."

ಮುಂದಿನ ವರ್ಷ ಮಳೆ ಕಡಿಮೆ, ಏನೂ ಆಗಲಿಲ್ಲ. ಅದರ ಮುಂದಿನ ವರ್ಷ ಭಾರಿ ಮಳೆಯಾಯಿತು. ಎಷ್ಟೋ ವರ್ಷ ತುಂಬದಿದ್ದ ಕೆರೆ ತುಂಬಿ ಕೋಡಿ ಹರಿಯಿತು. ಊರಿಗೆ ಊರೇ ಏರಿಯ ಮೇಲೆ ನಿಂತು ನೋಡಿತು. ನೀರು ನಮ್ಮ ಅಂಗಳದ ಹಿಂದಿನ ಬೇಲಿಯವರೆಗೂ ಬಂದು ನಿಂತಿತು. ಬಾವಿಯೂ ಮೇಲೆ ಬಂತು. ರಾಟೆ ಬೇಡ, ಹಗ್ಗ ಬೇಡ, ಬಗ್ಗಿ ಕೊಡ ಅದ್ದಿದರೆ ತುಂಬುತ್ತಿತ್ತು. ಆಗ ಅವಳು ಮತ್ತೆ ಬಸುರಿ, ಏಳು ತಿಂಗಳು. ಸೇದುವುದು ತಪ್ಪಿತಲ್ಲ ಎಂದು ಖುಷಿಪಟ್ಟಳು. ಅದೇ ದಿನಗಳಲ್ಲಿ ಕಕ್ಕಸಿಗೆ ಹಾಕಿದ ನೀರು ಬೇಗ ಇಳಿಯದೆ ನಿಲ್ಲತೊಡಗಿತು. ಮಳೆಗಾಲವಲ್ಲವೇ, ಎಲ್ಲಾ ಕಡೆಯೂ ಒರತೆ, ಬಿಸಿಲು ಬಂದರೆ ಸರಿಹೋಗುತ್ತದೆ ಅಂದುಕೊಂಡೆವು. ಕೆರೆ ಮೇಲೆ ಬಂದಾಗ ಬಾವಿಯ ಹಾಗೆ ಗುಂಡಿಯೂ ತುಂಬುತ್ತದೆ, ಆಮೇಲೆ ಅವೆರಡರ ನಡುವೆ ಮಣ್ಣಿದ್ದರೂ ಅದು ಬರೀ ಕೆಸರು, ಎಂಬುದು ಯಾರಿಗೂ ಹೊಳೆಯಲಿಲ್ಲ.

ಮೊದಲು ಮಲಗಿದ್ದು ಕೊನೆಯ ಮನೆಯ ಒಬ್ಬಂಟಿ ಹುಡುಗ. ಅವನ ಕಣ್ಣು ಅರಿಶಿನ ಬಳಿದ ಹಾಗಾಗಿತ್ತು. ಆಮೇಲೆ ನಮ್ಮ ಮನೆಯವರು. ಅವರ ಹಿಂದೆಯೇ ನಾನು. ಅನ್ನ ಕಂಡರೆ ವಾಕರಿಕೆ, ಎದ್ದು ನಿಂತರೆ ಕಾಲು ಸೋತು ಬರುವುದು. ಅವಳು ಬಂದು ನಮಗೆ ಗಂಜಿ ಕಾಯಿಸಿ ಕೊಟ್ಟು ಹೋಗುತ್ತಿದ್ದಳು. ಒಂದು ದಿನ ಗಂಜಿಯ ಪಾತ್ರೆ ಇಳಿಸುವಾಗ ಅವಳ ಕಣ್ಣು ನೋಡಿದೆ. ಬಿಳಿಗುಡ್ಡೆ ಹಳದಿಗೆ ತಿರುಗಿತ್ತು. "ನಂಗೂ ಬಂದೈತೆ ಅನ್ನಿಸ್ತದೆ ಅಕ್ಕ," ಅಂದಳು, ನೆಗಡಿ ಬಂತು ಅನ್ನುವ ಹಾಗೆ.

ಅವಳನ್ನು ಚಿಕ್ಕಜಾಲದ ಆಚೆ ಒಂದು ಹಳ್ಳಿಗೆ ಕರೆದುಕೊಂಡು ಹೋಗಿ ಕಾಮಾಲೆಗೆ ಕೊಡುವ ಹಸಿರು ಮದ್ದು ಕುಡಿಸಿದರು. ಉಪ್ಪಿಲ್ಲದ ಪಥ್ಯ, ಮಜ್ಜಿಗೆ ಅನ್ನ. ನಾವಿಬ್ಬರೂ ಕಾರ್ಖಾನೆಯ ದವಾಖಾನೆಗೆ ಹೋದೆವು. ಅಲ್ಲಿಯ ಡಾಕ್ಟರು ನಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ, ನೀರೆಲ್ಲಿಯದು ಎಂದು ಮೊದಲು ಕೇಳಿದರು. ಬಾವಿಯದು ಅಂದೆವು. ಕಕ್ಕಸು ಎಲ್ಲಿದೆ ಎಂದು ಕೇಳಿದರು. ಹೇಳಿದೆವು.

"ನೀರು ಕುದಿಸದೆ ಒಂದು ತೊಟ್ಟೂ ಕುಡೀಬೇಡಿ. ಅಲ್ಲಿರೋರಿಗೆಲ್ಲ ಹೇಳಿ," ಅಂದರು. "ನಿಮಗೆ ವಾಸಿಯಾಗುತ್ತೆ. ಬಸುರಿ ಹೆಂಗಸು ಯಾರಾದ್ರೂ ಇದ್ದಾರಾ ಅಲ್ಲಿ?"

ಇದ್ದಾಳೆ, ಅವಳಿಗೂ ಬಂದಿದೆ ಅಂದೆ. ಅವರು ಬರೆಯುವುದನ್ನು ನಿಲ್ಲಿಸಿದರು. "ಇವತ್ತೇ ದೊಡ್ಡಾಸ್ಪತ್ರೆಗೆ ಸೇರಿಸಿ. ನಾಳೆ ಅನ್ಬೇಡಿ."

ಮನೆಗೆ ಬಂದವಳೇ ನಾನು ಗೋಡೆ ಹಿಡಿದುಕೊಂಡು ದೊಡ್ಡಮ್ಮನ ಬಾಗಿಲಿಗೆ ಹೋದೆ. "ದೊಡ್ಡಮ್ಮಾ, ಈ ಕಾಮಣಿ ಬಸರಿದ್ದಾಕೀಗೆ ಭಾಳ ಕೆಟ್ಟಂತ್ರೀ. ಡಾಕ್ಟರು ಇವತ್ತ ದವಾಖಾನಿಗೆ ಸೇರಸ್ರೀ ಅಂದಾರ."

"ಮದ್ದು ಕುಡ್ದವ್ಳೆ, ಪಥ್ಯದಾಗವ್ಳೆ," ಅಂದರು. "ಅದ್ರ ಮ್ಯಾಲೆ ಸೂಜಿ ಚುಚ್ಚಿದ್ರೆ ಎರ್ಡೂ ಸೇರಿ ವಿಸ ಆಗ್ತದಂತೆ. ಮದ್ದು ಕೊಟ್ಟೋರೇ ಏಳವ್ರೆ. ಊರಲ್ಲಿ ಎಷ್ಟು ಜನಕ್ಕೆ ಬಂದು ಓಗಿಲ್ಲ ಇದು?"

ನಮ್ಮ ಮನೆಯವರು ಯಜಮಾನರಿಗೆ ಹೇಳಿದರು. ಅವರು ಮದ್ದಿನವರನ್ನು ಒಂದು ಮಾತು ಕೇಳುತ್ತೇನೆ ಅಂದರು. ಮದ್ದಿನವರು ಏನು ಹೇಳುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

ಎರಡು ದಿನ ಕಳೆದಿರಬೇಕು. ಮಧ್ಯಾಹ್ನ ಅವಳನ್ನು ನೋಡಲು ಹೋದೆ. ಚಾಪೆಯ ಮೇಲೆ ಮಲಗಿದ್ದಳು, ಮಗು ಪಕ್ಕದಲ್ಲಿ ಕಡ್ಡಿ ಹಿಡಿದು ಆಡುತ್ತಿತ್ತು. ಕರೆದೆ. ಕಣ್ಣು ಬಿಟ್ಟಳು. ನನ್ನನ್ನು ಅವಳ ತವರಿನ ಯಾರೋ ಅಂದುಕೊಂಡಳು. "ಎಮ್ಮೆ ಕಟ್ಟಿದ್ಯಾ? ಕತ್ತಲಾಯ್ತಲ್ಲೇ," ಅಂದಳು. ಹೊರಗೆ ಸುಡು ಬಿಸಿಲು. ನಾನು ದೊಡ್ಡಮ್ಮನನ್ನು ಕೂಗಿದೆ. ಅವರು ಬಂದು ಸೊಸೆಯ ಮುಖ ನೋಡಿದರು, ನೋಡಿದ ಕೂಡಲೇ ಮಗನನ್ನು ಕೂಗುತ್ತಾ ಹೊರಗೆ ಓಡಿದರು.

ಸೊಪ್ಪು ಸಾಗಿಸುವ ಟೆಂಪೋದಲ್ಲಿ ಹಾಸಿಗೆ ಹಾಸಿ ಅವಳನ್ನು ಪಟ್ಟಣಕ್ಕೆ ಕರೆದೊಯ್ದರು. ಅವಳ ಗಂಡ, ಯಜಮಾನರು, ನಮ್ಮ ಮನೆಯವರು ಹೋದರು. ಅಲ್ಲಿ ಹೆರಿಗೆಯಾಯಿತು, ಮಗು ಸತ್ತೇ ಹುಟ್ಟಿತು. ಮರುದಿನ ಅವಳೂ ಹೋದಳು. ಎರಡನ್ನೂ ಅದೇ ಟೆಂಪೋದಲ್ಲಿ ತಂದರು.

ನೀರಿನಿಂದ ಆದದ್ದು ಎಂದು ನಾವು ಹೇಳಿದೆವು. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಊರಿನ ಹಿರಿಯರು ಬಾವಿಯ ಕಟ್ಟೆಯ ಮೇಲೆ ಕೂತು ಬೇರೆ ತೀರ್ಮಾನ ಮಾಡಿದರು. ಗಂಗಮ್ಮನ ಮಗ್ಗುಲಲ್ಲೇ ಹೊಲಸು ತಂದು ಇಟ್ಟರೆ ಆಕೆ ಸುಮ್ಮನಿರುತ್ತಾಳೆಯೇ? ಯಾರು ಹಟ ಹಿಡಿದು ಇಡಿಸಿದರೋ ಅವರನ್ನೇ ಕರೆದುಕೊಂಡಳು. ಊಟ ಬಿಟ್ಟ ತಮಾಷೆ ಈಗ ಸಾವಿನ ಕಾರಣವಾಯಿತು. ತಿಥಿ ಮುಗಿದ ಮೇಲೆ ಯಜಮಾನರು ತಾವೇ ಹಾರೆ ಹಿಡಿದು ಎರಡೂ ಕಕ್ಕಸುಗಳನ್ನು ಕೆಡವಿದರು. ಗುಂಡಿಯ ಮೇಲೆ ಮಣ್ಣು ಎಳೆದರು. ಒಳಗಿದ್ದದ್ದು ಒಳಗೇ ಉಳಿಯಿತು. ಆರೋಗ್ಯ ಇಲಾಖೆಯವರು ಬಂದು ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ ಹೋದರು. ವಾಸನೆ ಬರುತ್ತದೆಂದು ಹೆಂಗಸರು ಒಂದು ದಿನ ನೀರು ಸೇದಿ ಚೆಲ್ಲಿ, ಮಾರನೆಯ ದಿನದಿಂದ ಮೊದಲಿನ ಹಾಗೆ ಕುಡಿದರು. ನಾವು ಮತ್ತೆ ಚೊಂಬು ಹಿಡಿದು ಏರಿಗೆ ಹೋದೆವು. ನನ್ನ ಜೊತೆಗೆ ಅವಳಿರಲಿಲ್ಲ.

ನೀರು ಕುದಿಸಿ ಕುಡಿಯಿರಿ, ಮಗುವಿಗಾದರೂ ಕುದಿಸಿ ಕೊಡಿ ಎಂದು ದೊಡ್ಡಮ್ಮನಿಗೆ ಹೇಳುತ್ತಲೇ ಇದ್ದೆ. ಒಂದು ದಿನ ಅವರು ಕೊಡ ಕೆಳಗಿಟ್ಟು ನನ್ನ ಮುಖ ನೋಡಿದರು. "ಈ ಬಾವಿ ನೀರು ಕುಡ್ದೇ ನಾನು ಬಸ್ರಾಗಿ ಎತ್ತಿದ್ದು, ನಮ್ಮತ್ತೆ ಎತ್ತಿದ್ದು. ಈಗ ಇದೇ ಕೊಂದದ್ದು ಅಂದ್ರೆ ನಾನು ಎಂಗವ್ವಾ ಬದುಕ್ಲಿ?" ಅಂದರು. ಬಾಡಿಗೆಯವರು ಒಬ್ಬೊಬ್ಬರಾಗಿ ಖಾಲಿ ಮಾಡಿದರು. ಬೇಸಿಗೆಯ ಹೊತ್ತಿಗೆ ನಾವೂ ಯಲಹಂಕಕ್ಕೆ ಬಂದೆವು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಮಗೆ ಯಲಹಂಕದಲ್ಲಿ ಒಂದು ಸಣ್ಣ ಸ್ವಂತ ಮನೆಯಾಗಿತ್ತು. ಒಂದು ಬೆಳಿಗ್ಗೆ ಬಾಗಿಲಲ್ಲಿ ಹೈಸ್ಕೂಲು ಯೂನಿಫಾರ್ಮಿನ ಒಬ್ಬ ಹುಡುಗಿ ನಿಂತಿದ್ದಳು. ಮುಖ ನೋಡಿದ ಕೂಡಲೇ ಯಾರ ಮಗಳೆಂದು ತಿಳಿಯಿತು. ನಮ್ಮ ಬೀದಿಯ ಕೊನೆಯ ಶಾಲೆಗೆ ಬಸ್ಸಿನಲ್ಲಿ ಬರುತ್ತಿದ್ದಳಂತೆ. ಅವರಪ್ಪ ನಮ್ಮ ಮನೆ ಗುರುತು ಹೇಳಿದ್ದನಂತೆ. ಕಾಫಿ ಕೊಟ್ಟೆ. ಹೊರಡುವ ಮುಂಚೆ ಬಚ್ಚಲಿಗೆ ಹೋಗಬಹುದಾ ಆಂಟಿ ಎಂದು ಕೇಳಿದಳು. ಎರಡು ದಿನ ಬಿಟ್ಟು ಮತ್ತೆ ಬಂದಳು. ಆಮೇಲೆ ಹೆಚ್ಚುಕಡಿಮೆ ದಿನವೂ ಬರತೊಡಗಿದಳು. ಏನೋ ಒಂದು ನೆಪ, ಕಡೆಗೆ ಅದೇ ಪ್ರಶ್ನೆ. ನನಗೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು.

"ನಿಮ್ಮನ್ಯಾಗ ಇನ್ನೂ ಕಟ್ಟಿಸಿಲ್ಲೇನವಾ?" ಎಂದು ಕೇಳಿಯೇಬಿಟ್ಟೆ.

"ಇಲ್ಲ ಆಂಟಿ. ಅಜ್ಜಿ ಬಿಡಲ್ಲ. ಮೊದಲಾದ್ರೆ ಏರಿ ಕೆಳಗೆ ಮರೆ ಇತ್ತಂತೆ. ಈಗ ಸುತ್ತಾ ಮನೆ ಬಂದಿದೆ. ಅವ್ರ ಮೋರಿ ನೀರೆಲ್ಲಾ ಕೆರೆಗೇ ಬಿಟ್ಟಿದ್ದಾರೆ, ಕಸನೂ ಅಲ್ಲೇ ಸುರೀತಾರೆ. ಕಾಲಿಡೋಕಾಗಲ್ಲ." ಚೀಲ ಹೆಗಲಿಗೇರಿಸಿಕೊಳ್ಳುತ್ತಾ ಕೇಳಿದಳು: "ನಮ್ಮಮ್ಮ ಹಟ ಮಾಡಿ ಕಕ್ಕಸು ಕಟ್ಟಿಸಿದ್ದಕ್ಕೇ ಸತ್ತೋದ್ಲಂತೆ. ಹೌದಾ ಆಂಟಿ? ನೀವು ಆಗ ಅಲ್ಲೇ ಇದ್ರಂತಲ್ಲ."

ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಲಾರಿಯ ದೀಪದಿಂದ ಹಿಡಿದು ಟೆಂಪೋದವರೆಗೆ. ಗುಂಡಿ ಬೇಕೆಂದದ್ದು ನಿಮ್ಮಮ್ಮ, ಎಲ್ಲಿ ಎಂದು ಗುರುತು ಹಾಕಿದ್ದು ನಿಮ್ಮಮ್ಮ ಅಲ್ಲ ಎಂದೆ. ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಅವಳು ಅವತ್ತು ಶಾಲೆಗೆ ಹೋಗಲಿಲ್ಲ.

ಆ ವಾರದಲ್ಲೇ ಅವಳ ಅಪ್ಪ ಬಂದ. ಸೈಕಲ್ಲು ಗೇಟಿಗೆ ಒರಗಿಸಿ ಒಳಗೆ ಬಾರದೆ ಮೆಟ್ಟಿಲ ಮೇಲೆ ಕೂತ. ತಲೆ ನರೆತಿತ್ತು. ಎರಡನೆಯ ಮದುವೆಯಾಗಿ ಬಹಳ ವರ್ಷವಾಗಿತ್ತು. ಜಗಳಕ್ಕೆ ಬಂದಿರಬಹುದು ಅಂದುಕೊಂಡೆ.

"ಮಗಳು ಮನೇಲಿ ಅಜ್ಜಿನ ಕೇಳವ್ಳೆ," ಅಂದ. "ನಮ್ಮವ್ವ ಎರಡು ದಿನದಿಂದ ಅನ್ನ ಮುಟ್ಟಿಲ್ಲ."

"ನಾ ಇದ್ದದ್ದ ಹೇಳೀನಪ್ಪಾ."

"ಸುಳ್ಳು ಅನ್ನಲ್ಲ ಅಕ್ಕ. ಆವತ್ತು ಆಸ್ಪತ್ರೇಲೇ ಡಾಕ್ಟರು ನಂಗೆ ಏಳಿದ್ರು. ನೀರಿಂದಾನೇ ಅಂತ. ಗುಂಡಿ ಎಲ್ಲೈತೆ ಅಂತ ಕೇಳಿದ್ರು. ನಂಗೆ ಅವತ್ತಿಂದಾನೂ ಗೊತ್ತು."

ಅವನು ತಲೆ ಎತ್ತಲಿಲ್ಲ.

"ಗುಂಡಿ ಗುರ್ತು ಆಕಿದ್ದು ನಮ್ಮಪ್ಪ. ಏಳಿದ್ರೆ ಅದೇ ಬಾವಿಗೆ ಬೀಳ್ತಿದ್ದ. ಊರೋರು ಇವ್ಳ ಮ್ಯಾಲೆ ಆಕಿದ್ರು. ಸತ್ತೋಳಿಗೆ ಇನ್ನೇನಾಗ್ತದೆ, ಇರೋರಾದ್ರೂ ಉಳೀಲಿ ಅಂದ್ಕಂಡೆ. ಅಪ್ಪನೂ ಸತ್ತೋದ. ಆಮ್ಯಾಕೆ ಏಳಕ್ಕೆ ಬಾಯೇ ಬರ್ಲಿಲ್ಲ."

ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಬೈಯಲು ಬಾಯಿ ತೆರೆದಾಗ ಯಜಮಾನರು ಹಾರೆ ಹಿಡಿದು ಅಳುತ್ತಾ ಗೋಡೆ ಕೆಡವಿದ್ದು ಕಣ್ಣಮುಂದೆ ಬಂತು. "ಈ ಮಾತು ನಿನ್ನ ಮಗಳಿಗೆ ಹೇಳು," ಎಂದಷ್ಟೇ ಹೇಳಿದೆ. ಅವನು ನೀರು ಕೇಳಿ ಕುಡಿದು, ಎದ್ದು ಹೋದ.

ಹುಡುಗಿ ಸುಮಾರು ದಿನ ಬರಲಿಲ್ಲ. ಬಂದಾಗ ಕಣ್ಣು ಊದಿತ್ತು. "ಅಪ್ಪ ಹೇಳಿದ್ರು ಆಂಟಿ," ಅಂದಳು. ಅವಳು ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆಂದು ಆಮೇಲೆ ತಿಳಿಯಿತು. ಆ ಬೇಸಿಗೆಯಲ್ಲಿ ಅವನು ಬಾವಿಯಿಂದ ದೂರ, ತೋಟದ ಮೇಲಿನ ಮೂಲೆಯಲ್ಲಿ ಬಂಡೆ ಒಡೆಸಿ ಗುಂಡಿ ತೋಡಿಸಿದ. ದೊಡ್ಡಮ್ಮ ಕಡೆಯವರೆಗೂ ಅದರೊಳಗೆ ಕಾಲಿಡಲಿಲ್ಲವಂತೆ. ವಯಸ್ಸಾಗಿ ನಡೆಯಲಾಗದಿದ್ದಾಗಲೂ ಗೋಡೆ ಹಿಡಿದುಕೊಂಡು ಏರಿಯ ಕಡೆಗೇ ಹೋಗುತ್ತಿದ್ದರಂತೆ.

ಹುಡುಗಿ ಹತ್ತನೇ ತರಗತಿ ಮುಗಿಸುವವರೆಗೂ ಆಗಾಗ ಬರುತ್ತಿದ್ದಳು, ಈಗ ನೆಪವಿಲ್ಲದೆ. ಅವಳಿಗೆ ಅಮ್ಮನ ಮುಖದ ನೆನಪಿರಲಿಲ್ಲ, ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಅಮ್ಮ ಹೇಗೆ ಮಾತಾಡುತ್ತಿದ್ದಳು, ಏನು ಅಡುಗೆ ಇಷ್ಟ, ನಗುತ್ತಿದ್ದಳಾ ಎಂದೆಲ್ಲ ಕೇಳುತ್ತಿದ್ದಳು. ನನಗೆ ಗೊತ್ತಿದ್ದದ್ದು ಮೂರು ವರ್ಷದ್ದು ಮಾತ್ರ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದಳು.